ನಡಾವಳಿ

ಸ್ಟಾಕ್ಟನ್ನಿನಲ್ಲಿ ತಿಂಗಳ ಎರಡನೆಯ ಮಂಗಳವಾರ, ಸಂಜೆ ಆರಕ್ಕೆ,
ಶಾಲೆಯ ಊಟದ ಹಾಲಿನಲ್ಲಿ
ಮಕ್ಕಳ ಎತ್ತರಕ್ಕೆ ಮಾಡಿಸಿದ ಬೆಂಚುಗಳ ಮೇಲೆ
ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರುತ್ತೇವೆ.
ಏಳು ಜನ ಬಂದರೆ ಕೋರಂ.
ಆರು ಜನ ಬಂದರೆ ಬರೀ ಹರಟೆ.

ಆರೇ ಆದ ಒಂದು ದಿನ
ನೆಲ ಒರೆಸುತ್ತಿದ್ದ ರುಫೀನೊನನ್ನು ಕೇಳಿದೆವು:
ನಿನ್ನ ಮೊಮ್ಮಗಳೂ ಇಲ್ಲೇ ಅಲ್ಲವೇ ಓದುವುದು?
ಅವನು ಒರಸುಕೋಲನ್ನು ಗೋಡೆಗೆ ಆನಿಸಿ
ಒದ್ದೆ ಕೈ ಎತ್ತಿದ.

ನಾನು ಕಾರ್ಯದರ್ಶಿ. ಯಾರೂ ಆರಿಸಿದ್ದಲ್ಲ,
ಎಲ್ಲರೂ ನೆಲ ನೋಡುತ್ತಿದ್ದಾಗ
ನಾನೊಬ್ಬಳೇ ತಲೆ ಎತ್ತಿದ್ದೆ.

ಮೊದಲ ದಿನವೇ ಜಿಲ್ಲಾ ಕಚೇರಿಯ ಆಸ್ಟ್ರಾಂಡರ್ ಮೇಡಂ
ತಣ್ಣಗೆ ತಿಳಿಸಿದ್ದರು:
ನೀವು ಸಲಹೆ ಕೊಡಬಹುದು, ತೀರ್ಮಾನ ಮಂಡಳಿಯದು.
ನಿಮ್ಮನ್ನು ಕೇಳಲೇಬೇಕೆಂದು ಕಾನೂನಿದೆ,
ನೀವು ಹೇಳಿದಂತೆ ಮಾಡಬೇಕೆಂದೇನಿಲ್ಲ.
ಆ ಮಾತು ಹೆಡ್‌ಫೋನುಗಳೊಳಗೆ ಹೊಕ್ಕು
ಸ್ಪ್ಯಾನಿಷ್ ಆಯಿತು, ಖ್ಮೇರ್ ಆಯಿತು, ಪಂಜಾಬಿಯಾಯಿತು.
ಮೂರು ಭಾಷೆಯಲ್ಲೂ ತಲೆಗಳು ಆಡಿದ್ದು ಒಂದೇ ರೀತಿ,
ಮದುವೆಮನೆಯಲ್ಲಿ ಮೊದಲ ಪಂಕ್ತಿ ತುಂಬಿತು ಅಂದಾಗ
ನಿಂತವರ ತಲೆ ಆಡುವಂತೆ.
ಕನ್ನಡದ ಹೆಡ್‌ಫೋನು ಇರಲಿಲ್ಲ,
ನನ್ನೊಬ್ಬಳಿಗಾಗಿ ಯಾರು ಮಾಡಿಸುತ್ತಾರೆ?
ಒಳಗೊಳಗೇ ಮಾಡಿಕೊಂಡೆ.

ಈ ವರ್ಷದ ವಿಷಯ: ಕಾಲುವೆ ಪಕ್ಕದ ಬಸ್ ನಿಲ್ದಾಣ.
ಬೇಲಿ ಹರಿದಿದೆ. ದೀಪವಿಲ್ಲ.
ಜನವರಿಯ ಮಂಜಿನಲ್ಲಿ ಬಸ್ಸು ಮೊದಲು ಸದ್ದಾಗಿ ಬರುತ್ತದೆ,
ಆಮೇಲೆ ಎರಡು ಕಣ್ಣಾಗಿ.
ಸೊಚಿಯಾತಾ ಪ್ರುಮ್ ತನ್ನ ಮಗನ ಷೂ ತಂದಿದ್ದಳು,
ಒಂದೇ ಷೂ. ಮೇಜಿನ ಮೇಲಿಟ್ಟಳು.
ಇನ್ನೊಂದು ಕಾಲುವೆಯಲ್ಲಿದೆ, ಅಂದಳು.
ಗಾಬರಿಯಾಗಬೇಡಿ, ಮಗ ಮನೆಯಲ್ಲಿದ್ದಾನೆ
ಎಂದು ದುಭಾಷಿ ಕೂಡಲೇ ಸೇರಿಸಿದ.
ಅದು ಅವಳ ಮಾತೋ, ಅವನದೋ?

ಹರ್ಬನ್ಸ್ ಕೌರ್ ಅಂದರು, ನಿಲ್ದಾಣವನ್ನೇ ನೂರು ಹೆಜ್ಜೆ ಸರಿಸಲಿ.
ಟ್ರಕ್ಕು ಓಡಿಸುವ ಟವೀಟಾ ಅಂದ, ಅಲ್ಲಿ ತಿರುವಿದೆ, ಬಸ್ಸು ಹೊರಳದು.
ಎವ್ಲಾಲಿಯಾಗೆ ದೀಪವೇ ಬೇಕು.
ಎತ್ತು ಏರಿಗೆ, ಕೋಣ ನೀರಿಗೆ.
ಏಳೂವರೆ ಹೊತ್ತಿಗೆ ಯಾರದೋ ಮಗು ಬೆಂಚಿನಡಿ ನಿದ್ದೆ ಹೋಯಿತು.
ಅದನ್ನು ನೋಡಿಯೋ ಏನೋ, ಬೇಲಿ ಎಂದು ಕೈ ಎತ್ತಿದೆವು.
ಪರ ಆರು. ತಟಸ್ಥ ಒಬ್ಬರು.
ಕಾಲುವೆಯ ವಿಷಯದಲ್ಲಿ ತಟಸ್ಥ!
ಬರೆದು ನಾನೊಬ್ಬಳೇ ನಕ್ಕೆ.

ಮಂಡಳಿಯ ಮುಂದೆ ನಮಗೆ ಮೂರು ನಿಮಿಷ.
ಹಸಿರು ದೀಪದಲ್ಲಿ ವಂದನೆ, ಹಳದಿಯಲ್ಲಿ ಬೇಲಿ,
ಕೆಂಪು ಹತ್ತಿದಾಗ ಸೊಚಿಯಾತಾ
ಇನ್ನೂ ಚೀಲದಿಂದ ಷೂ ತೆಗೆಯುತ್ತಿದ್ದಳು.
"ಸ್ವೀಕರಿಸಲಾಗಿದೆ" ಅಂದರು ಅಧ್ಯಕ್ಷರು.
ಹರ್ಬನ್ಸ್ ಕೌರ್ ಚಪ್ಪಾಳೆ ತಟ್ಟಿದರು.
ಸ್ವೀಕಾರವೆಂದರೆ ಕಾಗದ ಕೈಗೆ ತೆಗೆದುಕೊಳ್ಳುವುದು, ಅಷ್ಟೇ.
ಕಾರಿನ ಬಳಿ ಅವರಿಗೆ ಅದನ್ನು ಹೇಳಿದವಳು ನಾನು.

ಮಗಳು ಬನಶ್ರೀ
ಅಕ್ಷರ ಕೂಡಿಸಿ ಓದಲು ಈಗ ತಾನೇ ಕಲಿತವಳು,
ನನ್ನ ವಹಿಯ ರಟ್ಟಿನ ಮೇಲೆ ಬೆರಳಿಟ್ಟು ಓದಿದಳು:
ಪೋ ಷ ಕ ರ ಸ ಲ ಹು ಸಮಿತಿ.
ಎತ್ವವನ್ನು ಕೊಂಬು ಮಾಡಿದ್ದಾಳೆ.
ತಿದ್ದಲು ಬಾಯಿ ತೆರೆದೆ.
ಊಟಕ್ಕೆ ಬಾ, ಅಂದೆ.

ಮಾರ್ಚಿಯಲ್ಲಿ ಯಾರೋ ಬಂದರು.
ಬೇಲಿಯಲ್ಲ, ಹರಿದ ಕಡೆಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ,
ನಾಲ್ಕು ಗೂಟ. ಒಂದು ಆ ವಾರವೇ ವಾಲಿತು.
ರುಫೀನೊ ಕೆಲಸ ಮುಗಿಸಿ ಹೋಗಿ
ಕಲ್ಲಿನಲ್ಲಿ ಬಡಿದು ನಿಲ್ಲಿಸಿದನಂತೆ.
ಕಾರ್ಯಸೂಚಿಯಲ್ಲಿ ಇಲ್ಲದ್ದನ್ನು ನಡಾವಳಿಯಲ್ಲಿ ಬರೆಯುವಂತಿಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದೆ.

ಇವತ್ತು ಮತ್ತೆ ಮಂಗಳವಾರ.
ರುಫೀನೊ ಸೇರಿ ಆರು ಜನ.
ಸೊಚಿಯಾತಾ ಷೂ ತಂದಿದ್ದಾಳೆ,
ಹುಡುಗನ ಕಾಲು ಈಗ ಅದಕ್ಕಿಂತ ದೊಡ್ಡದು.
ಗಂಟೆ ಆರೂ ಹತ್ತು.
ಬಾಗಿಲ ಕಡೆ ನೋಡುತ್ತಿದ್ದೇವೆ.